ಪವಾಡ ಇಂಧನ, ಪವಾಡ ಕಿಡಿ: ಎಂಜಿನ್ ‘ಕ್ರಾಂತಿ’ಗಳ ಪರಿಶೀಲನೆ

ವಾಹನದ ಮೈಲೇಜನ್ನು ಒಂದೇ ಏಟಿಗೆ ಎರಡು ಮೂರು ಪಟ್ಟು ಹೆಚ್ಚಿಸುವುದಾಗಿ, ನೀರನ್ನೇ ಇಂಧನವಾಗಿ ಉರಿಸುವುದಾಗಿ, ಸೊಪ್ಪುಸದೆಯಿಂದ ಪೆಟ್ರೋಲ್ ಇಳಿಸುವುದಾಗಿ ಅಥವಾ ಹೊಸ ಬಗೆಯ ಸ್ಪಾರ್ಕ್ ಪ್ಲಗ್‌ನಿಂದ ಎಂಜಿನ್ನಿನ ಸ್ವರೂಪವನ್ನೇ ಬದಲಿಸುವುದಾಗಿ ಸಾರುವ ಆವಿಷ್ಕಾರಗಳು ಮೋಟಾರು ವಾಹನದಷ್ಟೇ ಹಳೆಯವು. ಇವುಗಳಲ್ಲಿ ಕೆಲವು ಶುದ್ಧ ವಂಚನೆ, ಕೆಲವು ಪ್ರಾಮಾಣಿಕ ತಪ್ಪೆಣಿಕೆ, ಇನ್ನು ಕೆಲವು ಚಿಕ್ಕದೊಂದು ಸತ್ಯವನ್ನು ಹಿಗ್ಗಿಸಿ ಹೇಳಿದ ಜಾಹೀರಾತು. ಇಂಥ ಹೇಳಿಕೆಗಳನ್ನು ವಿಜ್ಞಾನಿಗಳು, ಎಂಜಿನಿಯರುಗಳು ಮತ್ತು ಗ್ರಾಹಕ ರಕ್ಷಣಾ ಸಂಸ್ಥೆಗಳು ಸಂಶಯದಿಂದ ನೋಡುತ್ತ ಬಂದಿರುವುದಕ್ಕೆ ಎರಡು ಆಧಾರಗಳಿವೆ. ಒಂದು, ಎಂಜಿನ್ನಿನೊಳಗೆ ಹೋಗುವ ಮತ್ತು ಹೊರಬರುವ ಶಕ್ತಿಯ ಲೆಕ್ಕ. ಇನ್ನೊಂದು, ಸ್ವತಂತ್ರ ಪ್ರಯೋಗಾಲಯದ ಅಳತೆ. ನೂರು ವರ್ಷಗಳಲ್ಲಿ ಸಾಧನದ ಹೆಸರು, ರೂಪ, ಬೆಲೆ ಎಷ್ಟೇ ಬದಲಾದರೂ ಈ ಎರಡು ಪರೀಕ್ಷೆಗಳು ಬದಲಾಗಿಲ್ಲ. ನಿಜವಾದ ಸುಧಾರಣೆಗಳೂ ಇದೇ ಬಾಗಿಲಿನಿಂದ ಒಳಗೆ ಬಂದಿವೆ.

ಎಂಜಿನ್ನಿನ ಜಮಾಖರ್ಚು

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ರಾಸಾಯನಿಕ ಶಕ್ತಿ ಇರುತ್ತದೆ. ಸಾಮಾನ್ಯ ಕಾರಿನ ಎಂಜಿನ್ ಇದರಲ್ಲಿ ಕಾಲುಭಾಗದಿಂದ ಹೆಚ್ಚೆಂದರೆ ಶೇ 40ರಷ್ಟನ್ನು ಚಕ್ರ ತಿರುಗಿಸುವ ಕೆಲಸವಾಗಿ ಮಾರ್ಪಡಿಸುತ್ತದೆ. ಉಳಿದದ್ದು ಸೈಲೆನ್ಸರಿನ ಬಿಸಿಗಾಳಿಯಾಗಿ, ರೇಡಿಯೇಟರಿನ ಶಾಖವಾಗಿ, ಬಿಡಿಭಾಗಗಳ ತಿಕ್ಕಾಟವಾಗಿ ಕಳೆದುಹೋಗುತ್ತದೆ. ಪವಾಡ ಸಾಧನಗಳ ಮಾರಾಟಗಾರರು ಮೊದಲು ಬೊಟ್ಟು ಮಾಡುವುದು ಈ ನಷ್ಟದ ಕಡೆಗೇ. ಮುಕ್ಕಾಲು ಪಾಲು ಪೆಟ್ರೋಲ್ ಉರಿಯದೆ ವ್ಯರ್ಥವಾಗುತ್ತಿದೆ, ನಮ್ಮ ಸಾಧನ ಅದನ್ನು ಪೂರ್ತಿ ಉರಿಸುತ್ತದೆ ಎಂಬುದು ಅವರ ವಾದ.

ಈ ವಾದದ ದೋಷ ಮೊದಲ ಮಾತಿನಲ್ಲೇ ಇದೆ. ಸುಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಇಂಧನದ ಶೇ 97ಕ್ಕೂ ಹೆಚ್ಚು ಭಾಗ ಸಿಲಿಂಡರಿನೊಳಗೇ ಉರಿದುಹೋಗುತ್ತದೆ. ಉಳಿದ ಅಲ್ಪಸ್ವಲ್ಪವನ್ನು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಮುಗಿಸುತ್ತದೆ. ನಷ್ಟವಾಗುವುದು ಉರಿಯದ ಇಂಧನವಲ್ಲ, ಉರಿದು ಹುಟ್ಟಿದ ಶಾಖ. ದಹನವನ್ನು ಎಷ್ಟೇ ಪೂರ್ಣಗೊಳಿಸಿದರೂ ಅಲ್ಲಿ ಉಳಿಸಲು ಸಿಗುವುದು ಶೇ ಎರಡು ಮೂರರಷ್ಟು ಮಾತ್ರ. ಶಾಖವನ್ನು ಪೂರ್ತಿಯಾಗಿ ಕೆಲಸವಾಗಿಸಲು ಬರುವುದಿಲ್ಲವೆಂಬ ಮಿತಿಯನ್ನು ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲೇ ಗುರುತಿಸಿದ್ದ. ಪೆಟ್ರೋಲ್ ಎಂಜಿನ್ನಿನ ಮಟ್ಟಿಗೆ ಈ ಮಿತಿ ಮುಖ್ಯವಾಗಿ ಸಂಪೀಡನ ಅನುಪಾತವನ್ನು ಅವಲಂಬಿಸುತ್ತದೆ. ಅನುಪಾತ 10 ಇರುವ ಎಂಜಿನ್ನಿಗೆ, ತಿಕ್ಕಾಟವೂ ಶಾಖನಷ್ಟವೂ ಇಲ್ಲವೆಂದುಕೊಂಡರೂ, ಆದರ್ಶ ದಕ್ಷತೆ ಶೇ 60ರ ಸುಮಾರಿನಲ್ಲಿ ನಿಲ್ಲುತ್ತದೆ. ಪ್ಲಗ್, ಗುಳಿಗೆ, ಅಯಸ್ಕಾಂತ ಯಾವುದೂ ಈ ಅನುಪಾತವನ್ನು ಮುಟ್ಟುವುದಿಲ್ಲ.

ಇನ್ನೂರು ಮೈಲಿಯ ಕಾರ್ಬ್ಯುರೇಟರ್

ಕೆನಡಾದ ವಿನಿಪೆಗ್ ನಗರದ ಚಾರ್ಲ್ಸ್ ನೆಲ್ಸನ್ ಪೋಗ್ 1930 ಮತ್ತು 1936ರ ನಡುವೆ ಅಮೆರಿಕದಲ್ಲಿ ಕಾರ್ಬ್ಯುರೇಟರಿಗೆ ಸಂಬಂಧಿಸಿದ ಪೇಟೆಂಟುಗಳನ್ನು ಪಡೆದ. ಪೆಟ್ರೋಲನ್ನು ಹನಿಗಳಾಗಿ ಸಿಂಪಡಿಸುವ ಬದಲು ಮೊದಲೇ ಬಿಸಿಮಾಡಿ ಪೂರ್ಣ ಆವಿಯಾಗಿಸಿ ಎಂಜಿನ್ನಿಗೆ ಕಳಿಸುವುದು ಅವನ ವಿಧಾನ. ಇದರಿಂದ ಗ್ಯಾಲನ್ನಿಗೆ 200 ಮೈಲಿ ಓಡಬಹುದೆಂಬ ಸುದ್ದಿ ಪತ್ರಿಕೆಗಳಲ್ಲಿ ಹರಡಿತು. ಕಾರು ಮಾರುಕಟ್ಟೆಗೆ ಬರಲಿಲ್ಲ, ಕಥೆ ಮಾತ್ರ ನಿಂತಿತು. ತೈಲ ಕಂಪನಿಗಳು ಕೊಂಡು ಬಚ್ಚಿಟ್ಟ ಕಾರ್ಬ್ಯುರೇಟರ್ ಎಂಬ ದಂತಕಥೆಯ ಮೂಲ ಇದೇ.

ಅಮೆರಿಕದ ಗ್ಯಾಲನ್ ಲೆಕ್ಕದಲ್ಲಿ 200 ಮೈಲಿ ಎಂದರೆ ಲೀಟರಿಗೆ ಸುಮಾರು 85 ಕಿಲೋಮೀಟರ್. ಇದನ್ನು ಇಂದಿನ, ಗಾಳಿಯನ್ನು ಚೆನ್ನಾಗಿ ಸೀಳಿಕೊಂಡು ಹೋಗುವ ಮಧ್ಯಮ ಗಾತ್ರದ ಕಾರಿಗೆ ಹಚ್ಚಿ ನೋಡಬಹುದು. ತೂಕ 1,200 ಕಿಲೋ, ವೇಗ ಗಂಟೆಗೆ 100 ಕಿಲೋಮೀಟರ್ ಎಂದಿಟ್ಟುಕೊಂಡರೆ ಗಾಳಿಯ ತಡೆ ಸುಮಾರು 300 ನ್ಯೂಟನ್, ಟೈರುಗಳ ಉರುಳು ತಡೆ ಸುಮಾರು 140 ನ್ಯೂಟನ್. ಈ 440 ನ್ಯೂಟನ್ ತಡೆಯನ್ನು ಮೀರಿ 100 ಕಿಲೋಮೀಟರ್ ಸಾಗಲು ಚಕ್ರಗಳಿಗೆ 44 ಮೆಗಾಜೂಲ್ ಬೇಕು. ಅಂದರೆ ಎಂಜಿನ್ ಒಂದಿಷ್ಟೂ ಶಾಖ ಕಳೆಯದೆ ನೂರಕ್ಕೆ ನೂರು ದಕ್ಷತೆಯಲ್ಲಿ ನಡೆದರೂ ಸುಮಾರು 1.4 ಲೀಟರ್ ಪೆಟ್ರೋಲ್ ಬೇಕು, ಲೀಟರಿಗೆ 72 ಕಿಲೋಮೀಟರಿಗಿಂತ ಹೆಚ್ಚು ಸಿಗುವುದಿಲ್ಲ. ಪೋಗ್‌ನ ಹೆಸರಿನಲ್ಲಿ ಹರಡಿದ ಅಂಕಿ ಈ ವೇಗದಲ್ಲಿ ಪೆಟ್ರೋಲಿನಲ್ಲಿರುವುದಕ್ಕಿಂತ ಹೆಚ್ಚು ಶಕ್ತಿಯನ್ನು ಪೆಟ್ರೋಲಿನಿಂದಲೇ ತೆಗೆಯಬೇಕೆನ್ನುತ್ತದೆ. ವೇಗ ತಗ್ಗಿಸಿದರೆ ಗಾಳಿಯ ತಡೆ ಕುಗ್ಗುತ್ತದೆ, ನಿಜ. ಆದರೆ 1930ರ ದಶಕದ ಡಬ್ಬಿಯಾಕಾರದ ಕಾರು, ಆ ಕಾಲದ ಟೈರು, ಇಂದಿಗಿಂತ ಕಡಿಮೆಯಿದ್ದ ಎಂಜಿನ್ ದಕ್ಷತೆ ಇವನ್ನೆಲ್ಲ ಸೇರಿಸಿದರೆ ಆ ಅಂಕಿ ಇನ್ನಷ್ಟು ದೂರ ಸರಿಯುತ್ತದೆ.

ಬಚ್ಚಿಟ್ಟರೆಂಬ ವಾದವೂ ಪರಿಶೀಲನೆಗೆ ನಿಲ್ಲುವುದಿಲ್ಲ. ಪೇಟೆಂಟ್ ಎಂದರೆ ವಿಧಾನವನ್ನು ಬಹಿರಂಗಪಡಿಸಿದ್ದಕ್ಕೆ ಪ್ರತಿಯಾಗಿ ಸಿಗುವ ತಾತ್ಕಾಲಿಕ ಏಕಸ್ವಾಮ್ಯ. ಪೋಗ್‌ನ ಪೇಟೆಂಟುಗಳ ಅವಧಿ 1950ರ ದಶಕದಲ್ಲೇ ಮುಗಿದಿದೆ, ಚಿತ್ರಗಳು ಯಾರ ಕೈಗಾದರೂ ಸಿಗುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಇಂಧನದ ಕೊರತೆಯಿಂದ ತತ್ತರಿಸಿದ ಜರ್ಮನಿ ಕಲ್ಲಿದ್ದಲಿನಿಂದ ದ್ರವ ಇಂಧನ ತಯಾರಿಸುವ ಬರ್ಗಿಯಸ್ ಮತ್ತು ಫಿಷರ್-ಟ್ರಾಪ್ಷ್ ವಿಧಾನಗಳಿಗೆ ಹೇರಳ ಹಣ, ಉಕ್ಕು, ಶ್ರಮ ಸುರಿಯಿತು. ಹಲವು ಪಟ್ಟು ಮೈಲೇಜ್ ಕೊಡುವ ಕಾರ್ಬ್ಯುರೇಟರನ್ನು ಪೇಟೆಂಟ್ ಕಚೇರಿಯಿಂದ ಪ್ರತಿ ಮಾಡಿಕೊಳ್ಳಲು ಸಾಧ್ಯವಿದ್ದರೆ ಯಾವ ಸೇನೆಯೂ ಅದನ್ನು ಕೈಬಿಡುತ್ತಿರಲಿಲ್ಲ.

ನೀರಿನಿಂದ ಓಡುವ ಕಾರು

ಪವಾಡ ಇಂಧನಗಳಲ್ಲಿ ಅತಿ ದೀರ್ಘ ಪರಂಪರೆ ನೀರಿನದು. 1916ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಬಳಿಯ ಫಾರ್ಮಿಂಗ್‌ಡೇಲ್‌ನಲ್ಲಿ ಲೂಯಿ ಎನ್‌ರಿಕ್ಟ್ ಪತ್ರಕರ್ತರನ್ನು ಕರೆಸಿ, ನೀರಿಗೆ ಹಸಿರು ದ್ರವವೊಂದನ್ನು ಬೆರೆಸಿ ಕಾರು ಓಡಿಸಿ ತೋರಿಸಿದ. ಯುದ್ಧದ ಕಾಲ, ಪೆಟ್ರೋಲ್ ಬೆಲೆ ಏರುತ್ತಿದ್ದ ದಿನಗಳು. ಹೂಡಿಕೆದಾರರು ಮುಗಿಬಿದ್ದರು, ಸೂತ್ರ ಮಾತ್ರ ಹೊರಬರಲಿಲ್ಲ. ಅಸಿಟೋನ್‌ನಂಥ ಉರಿಯುವ ವಸ್ತುವೇ ಆ ದ್ರವದ ಗುಟ್ಟು ಎಂಬುದು ಅನಂತರದ ಸಾಮಾನ್ಯ ಅಭಿಪ್ರಾಯ. ಮುಂದೆ ಪೀಟ್ ಮಣ್ಣಿನಿಂದ ಪೆಟ್ರೋಲ್ ತೆಗೆಯುವ ಇನ್ನೊಂದು ಯೋಜನೆಯಲ್ಲಿ ವಂಚನೆ ಸಾಬೀತಾಗಿ 1922ರಲ್ಲಿ ಅವನಿಗೆ ಶಿಕ್ಷೆಯಾಯಿತು.

ಅಮೆರಿಕದ ಒಹಾಯೊ ರಾಜ್ಯದ ಸ್ಟಾನ್ಲಿ ಮೇಯರ್ ಈ ಪರಂಪರೆಯ ಅತಿ ಪ್ರಸಿದ್ಧ ವ್ಯಕ್ತಿ. ತನ್ನ ‘ನೀರಿನ ಇಂಧನ ಕೋಶ’ ಅತ್ಯಲ್ಪ ವಿದ್ಯುತ್ತಿನಿಂದ ನೀರನ್ನು ಒಡೆಯುತ್ತದೆ, ಅದನ್ನು ಅಳವಡಿಸಿದ ಬಗ್ಗಿ ವಾಹನ 22 ಗ್ಯಾಲನ್ ನೀರಿನಲ್ಲಿ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್ ತಲುಪಬಲ್ಲದು ಎಂದು ಆತ ಹೇಳಿಕೊಂಡ. ಇಬ್ಬರು ಹೂಡಿಕೆದಾರರು ಹೂಡಿದ ಮೊಕದ್ದಮೆಯಲ್ಲಿ ತಜ್ಞ ಸಾಕ್ಷಿಗಳು ಕೋಶವನ್ನು ಪರಿಶೀಲಿಸಿ, ಅದು ಸಾಮಾನ್ಯ ವಿದ್ಯುದ್ವಿಭಜನೆಯೇ ಹೊರತು ಹೊಸತೇನಲ್ಲ ಎಂದರು. 1996ರಲ್ಲಿ ನ್ಯಾಯಾಲಯ ಇದನ್ನು ಘೋರ ವಂಚನೆಯೆಂದು ತೀರ್ಮಾನಿಸಿ 25,000 ಡಾಲರ್ ಹಿಂದಿರುಗಿಸಲು ಆದೇಶಿಸಿತು. 1998ರಲ್ಲಿ ಮೇಯರ್ ಹೋಟೆಲೊಂದರಲ್ಲಿ ಕುಸಿದು ತೀರಿಕೊಂಡ. ಮಿದುಳಿನ ರಕ್ತನಾಳ ಒಡೆದದ್ದೇ ಕಾರಣವೆಂದು ಮರಣೋತ್ತರ ತನಿಖೆ ಹೇಳಿತಾದರೂ ವಿಷವಿಕ್ಕಿ ಕೊಂದರೆಂಬ ವದಂತಿ ಇಂದಿಗೂ ಜೀವಂತವಾಗಿದೆ.

ಏಷ್ಯಾದಲ್ಲೂ ಈ ಸರಣಿ ಉದ್ದವಿದೆ. ಚೀನಾದ ಹಾರ್ಬಿನ್‌ನಲ್ಲಿ ಬಸ್ ಚಾಲಕನಾಗಿದ್ದ ವಾಂಗ್ ಹಾಂಗ್‌ಚೆಂಗ್ 1980ರ ದಶಕದಲ್ಲಿ ಕೆಲವು ಹನಿ ದ್ರವದಿಂದ ನೀರನ್ನು ಇಂಧನವಾಗಿಸುವುದಾಗಿ ಸಾರಿ ಹೂಡಿಕೆ ಗಿಟ್ಟಿಸಿದ. 1997ರಲ್ಲಿ ಅವನಿಗೆ ಹತ್ತು ವರ್ಷ ಸೆರೆಯಾಯಿತು. ಫಿಲಿಪ್ಪೀನ್ಸ್‌ನಲ್ಲಿ ದಶಕಗಳ ಕಾಲ ನೀರಿನ ಕಾರಿನ ಮಾತಾಡಿದ ಡೇನಿಯಲ್ ಡಿಂಗೆಲ್‌ಗೆ 2008ರಲ್ಲಿ, 82ನೇ ವಯಸ್ಸಿನಲ್ಲಿ, ಹೂಡಿಕೆದಾರರನ್ನು ವಂಚಿಸಿದ ಆರೋಪ ರುಜುವಾತಾಗಿ ಶಿಕ್ಷೆ ವಿಧಿಸಲಾಯಿತು. ಅದೇ ವರ್ಷ ಜಪಾನಿನ ಜೆನೆಪ್ಯಾಕ್ಸ್ ಕಂಪನಿ ಒಸಾಕಾದಲ್ಲಿ ಕಾರೊಂದನ್ನು ತೋರಿಸಿ, ಒಂದು ಲೀಟರ್ ನೀರಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸುಮಾರು ಒಂದು ಗಂಟೆ ಓಡುತ್ತದೆ ಎಂದಿತು. ಅಭಿವೃದ್ಧಿ ವೆಚ್ಚದ ಕಾರಣ ಕೊಟ್ಟು 2009ರಲ್ಲಿ ಸುಮ್ಮನಾಯಿತು. 2012ರಲ್ಲಿ ಪಾಕಿಸ್ತಾನದ ಆಘಾ ವಕಾರ್ ಅಹಮದ್‌ನ ‘ನೀರಿನ ಕಿಟ್’ ಟಿವಿ ವಾಹಿನಿಗಳಲ್ಲಿ, ಮಂತ್ರಿಗಳ ನಡುವೆ ಭಾರೀ ಸದ್ದು ಮಾಡಿತು. ಭೌತವಿಜ್ಞಾನಿ ಪರ್ವೇಜ್ ಹೂಡ್‌ಭಾಯ್ ಇದು ಉಷ್ಣಗತಿಶಾಸ್ತ್ರದ ನಿಯಮಗಳಿಗೆ ವಿರುದ್ಧವೆಂದು ಬಹಿರಂಗವಾಗಿ ವಿರೋಧಿಸಿದರು.

ಇವೆಲ್ಲ ಎಡವುವುದು ಒಂದೇ ಕಡೆ. ನೀರು ಇಂಧನವಲ್ಲ. ಜಲಜನಕ ಈಗಾಗಲೇ ಉರಿದು ಉಳಿದ ಬೂದಿ ಅದು. ಅದನ್ನು ಮತ್ತೆ ಜಲಜನಕ, ಆಮ್ಲಜನಕಗಳಾಗಿ ಒಡೆಯಲು, ಅವು ಕೂಡಿದಾಗ ಹೊರಬಿದ್ದಷ್ಟು ಶಕ್ತಿಯನ್ನಾದರೂ ತುಂಬಲೇಬೇಕು. ವ್ಯವಹಾರದಲ್ಲಿ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಎಂಜಿನ್ನಿನಲ್ಲಿ ನೀರಿಗೆ ನಿಜವಾದ ಸ್ಥಾನವೂ ಒಂದಿದೆ. ಎರಡನೆಯ ಮಹಾಯುದ್ಧ ಕಾಲದ ಯುದ್ಧವಿಮಾನಗಳಲ್ಲಿ ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಸಿಂಪಡಿಸುತ್ತಿದ್ದರು. ಬಿಎಂಡಬ್ಲ್ಯು ತನ್ನ ಎಂ4 ಜಿಟಿಎಸ್ ಕಾರಿನಲ್ಲಿ ನೀರಿನ ಸಿಂಪಡಣೆ ಅಳವಡಿಸಿತ್ತು. ಅಲ್ಲಿ ನೀರಿನ ಕೆಲಸ ಮಿಶ್ರಣವನ್ನು ತಂಪಾಗಿಸಿ ಎಂಜಿನ್ ಬಡಿತವನ್ನು ತಡೆಯುವುದು, ಉರಿಯುವುದಲ್ಲ.

ಎಚ್‌ಎಚ್‌ಒ ಕಿಟ್‌ಗಳು

ನೀರಿನ ಕಾರಿನ ಸೌಮ್ಯ ರೂಪ ಎಚ್‌ಎಚ್‌ಒ ಕಿಟ್. ಬಾನೆಟ್ಟಿನ ಕೆಳಗೆ ಉಪ್ಪು ಅಥವಾ ಕ್ಷಾರ ಬೆರೆಸಿದ ನೀರಿನ ಡಬ್ಬಿ ಇಟ್ಟು, ಬ್ಯಾಟರಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ, ಆಮ್ಲಜನಕಗಳ ಅನಿಲ ಮಾಡಿ, ಗಾಳಿಯ ಕೊಳವೆಗೆ ಬಿಡುತ್ತಾರೆ. ಪೆಟ್ರೋಲ್ ಬೇಡವೆಂದು ಇಲ್ಲಿ ಯಾರೂ ಹೇಳುವುದಿಲ್ಲ. ಶೇ 30ರಿಂದ 50ರಷ್ಟು ಉಳಿತಾಯ ಎನ್ನುತ್ತಾರೆ.

ನಿಮಿಷಕ್ಕೆ ಒಂದು ಲೀಟರ್ ಅನಿಲ ಕೊಡುವ ಕಿಟ್ ಇದೆಯೆಂದುಕೊಳ್ಳೋಣ. ಅದರಲ್ಲಿ ಮೂರನೇ ಎರಡು ಭಾಗ ಜಲಜನಕ. ಉರಿದರೆ ಸಿಗುವುದು ಸುಮಾರು 7 ಕಿಲೋಜೂಲ್. ಗಂಟೆಗೆ ನಾಲ್ಕು ಲೀಟರ್ ಪೆಟ್ರೋಲ್ ಕುಡಿಯುವ ಕಾರು ಅದೇ ಒಂದು ನಿಮಿಷದಲ್ಲಿ 2,100 ಕಿಲೋಜೂಲ್‌ಗೂ ಹೆಚ್ಚು ಪೆಟ್ರೋಲ್ ಶಕ್ತಿಯನ್ನು ಉರಿಸುತ್ತಿರುತ್ತದೆ. ಕಿಟ್ ಸೇರಿಸಿದ ಪಾಲು ಸಾವಿರಕ್ಕೆ ಮೂರೂವರೆ. ಆ 7 ಕಿಲೋಜೂಲ್ ಕೂಡ ಪುಕ್ಕಟೆಯಲ್ಲ. ಪೆಟ್ರೋಲಿನ ನೂರು ಭಾಗ ಶಕ್ತಿಯಲ್ಲಿ ಎಂಜಿನ್ 25 ಭಾಗವನ್ನು ಆಲ್ಟರ್ನೇಟರಿಗೆ ಕೊಟ್ಟರೆ, ಅದು ಸುಮಾರು 14 ಭಾಗವನ್ನು ವಿದ್ಯುತ್ತಾಗಿಸುತ್ತದೆ. ಡಬ್ಬಿಯಲ್ಲಿ ಅನಿಲವಾಗಿ ಉಳಿಯುವುದು 9 ಭಾಗ. ನೂರು ಕೊಟ್ಟು ಒಂಬತ್ತು ಪಡೆಯುವ ವ್ಯಾಪಾರ ಇದು.

ಅನಿಲ ಇಂಧನವಲ್ಲ, ದಹನವನ್ನು ಚುರುಕುಗೊಳಿಸುವ ವೇಗವರ್ಧಕ ಎಂದು ಮಾರಾಟಗಾರರು ಮಾತು ಬದಲಿಸುವುದುಂಟು. ಜಲಜನಕ ಬೆರೆತ ಮಿಶ್ರಣದಲ್ಲಿ ಜ್ವಾಲೆ ವೇಗವಾಗಿ ಹರಡುವುದು ನಿಜ, ಪ್ರಯೋಗಾಲಯಗಳಲ್ಲಿ ಇದರ ಅಧ್ಯಯನವೂ ನಡೆದಿದೆ. ಆದರೆ ಪರಿಣಾಮ ಕಾಣಲು ಬೇಕಾದ ಪ್ರಮಾಣ ಈ ಡಬ್ಬಿಗಳು ಕೊಡುವುದಕ್ಕಿಂತ ಬಹಳ ಹೆಚ್ಚು. ಕೆಲವು ಕಿಟ್‌ಗಳ ಜತೆ ಆಕ್ಸಿಜನ್ ಸೆನ್ಸರಿಗೆ ಸುಳ್ಳು ಸಂಕೇತ ಕಳಿಸುವ ಸರ್ಕ್ಯೂಟನ್ನೂ ಕೊಡುತ್ತಾರೆ. ಅದರಿಂದ ಎಂಜಿನ್ ಕಡಿಮೆ ಪೆಟ್ರೋಲ್ ಸಿಂಪಡಿಸಿ ಸ್ವಲ್ಪ ಉಳಿತಾಯ ತೋರಬಹುದು. ಬೆಲೆ ತೆರುವುದು ಹೊಗೆಯ ನೈಟ್ರೋಜನ್ ಆಕ್ಸೈಡುಗಳಲ್ಲಿ ಮತ್ತು ಕಾದು ಹಾಳಾಗುವ ಬಿಡಿಭಾಗಗಳಲ್ಲಿ. 2009ರಲ್ಲಿ ಅಮೆರಿಕದ ಫೆಡರಲ್ ವಾಣಿಜ್ಯ ಆಯೋಗ ಇಂಥದೇ ಕಿಟ್ ಮಾರುತ್ತಿದ್ದ ಡೆನಿಸ್ ಲೀ ಮತ್ತವನ ಕಂಪನಿಗಳ ಮೇಲೆ ನ್ಯಾಯಾಲಯದ ಮೆಟ್ಟಿಲೇರಿತು.

ಕಿಡಿಯ ಕ್ರಾಂತಿ

ಪೆಟ್ರೋಲ್ ಎಂಜಿನ್ನಿನ ಪ್ಲಗ್ ಪ್ರತಿ ಸಲ ಹತ್ತಾರು ಮಿಲಿಜೂಲ್ ಶಕ್ತಿಯ ಕಿಡಿ ಹಾರಿಸುತ್ತದೆ. ಸರಿಯಾದ ಅನುಪಾತದ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಳ್ಳಲು ಪ್ರಯೋಗಾಲಯದ ನಿಶ್ಚಲ ಸ್ಥಿತಿಯಲ್ಲಿ ಬೇಕಾಗುವುದು ಮಿಲಿಜೂಲಿನ ಕಾಲುಭಾಗದಷ್ಟು. ಸಿಲಿಂಡರಿನೊಳಗಿನ ಒತ್ತಡ, ಗಾಳಿಯ ಸುಳಿ, ಮಿಶ್ರಣದ ಏರುಪೇರು ಇವಕ್ಕೆಲ್ಲ ಸಾಕಾಗುವಷ್ಟು ಮೀಸಲು ಸಾಮಾನ್ಯ ಪ್ಲಗ್‌ನಲ್ಲೇ ಇದೆ. ಒಮ್ಮೆ ಜ್ವಾಲೆಯ ಬೀಜ ಮೊಳೆತರೆ ಮುಂದಿನ ಕೆಲಸ ಸಿಲಿಂಡರಿನ ಗಾಳಿಯ ಸುಳಿಯದು. 3,000 ಸುತ್ತುಗಳ ವೇಗದಲ್ಲಿ ಇಡೀ ದಹನ ಸುಮಾರು ಮೂರು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಕಡ್ಡಿ ದೊಡ್ಡದಾದ ಮಾತ್ರಕ್ಕೆ ಒಲೆಯ ಮೇಲಿನ ಅನ್ನ ಬೇಗ ಬೇಯುವುದಿಲ್ಲ.

ಆದರೂ ಕವಲೊಡೆದ ತುದಿಯ ಪ್ಲಗ್, ನಾಲ್ಕು ತುದಿಯ ಪ್ಲಗ್, ಪ್ಲಾಸ್ಮಾ ಪ್ಲಗ್ ಎಂದು ಹೊಸ ಹೆಸರುಗಳು ಬರುತ್ತಲೇ ಇವೆ. ನಾಲ್ಕು ತುದಿಗಳಿದ್ದರೂ ಒಂದು ಸಲಕ್ಕೆ ಕಿಡಿ ಹಾರುವುದು ಸಾಮಾನ್ಯವಾಗಿ ಒಂದರಿಂದಲೇ. ತುದಿಗಳು ಹಂಚಿಕೊಂಡು ಸವೆಯುವುದರಿಂದ ಪ್ಲಗ್ ಹೆಚ್ಚು ಕಾಲ ಬಾಳುತ್ತದೆ, ಮೈಲೇಜ್ ಏರುವುದಿಲ್ಲ. ಪ್ರತಿಯೊಂದು ಕಿಡಿಯೂ ಪ್ಲಾಸ್ಮಾವೇ ಆಗಿರುವುದರಿಂದ ಆ ವಿಶೇಷಣ ಹೊಸದೇನನ್ನೂ ಹೇಳುವುದಿಲ್ಲ. ಇಂಗ್ಲಿಷ್ ವಿ ಅಕ್ಷರದಂತೆ ಸೀಳಿದ ತುದಿಯ ಸ್ಪ್ಲಿಟ್‌ಫೈರ್ ಪ್ಲಗ್‌ಗಳ ಮೈಲೇಜ್ ಮತ್ತು ಅಶ್ವಶಕ್ತಿಯ ಜಾಹೀರಾತುಗಳಿಗೆ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ವಾಣಿಜ್ಯ ಆಯೋಗ 1990ರ ದಶಕದಲ್ಲಿ ಕ್ರಮ ಕೈಗೊಂಡಿತು.

ಹೊಸ ಪ್ಲಗ್ ಹಾಕಿದ ಮೇಲೆ ಗಾಡಿ ಹಗುರಾಯಿತು ಎಂಬ ಅನುಭವ ಸುಳ್ಳಲ್ಲ. ತೆಗೆದುಹಾಕಿದ ಹಳೆಯ ಪ್ಲಗ್ ಮಸಿ ಹಿಡಿದು, ಸವೆದು, ನಡುನಡುವೆ ಕಿಡಿ ತಪ್ಪಿಸುತ್ತಿದ್ದಿರಬಹುದು. ಅಲ್ಲಿ ಕಂಪನಿಯ ಸಾಮಾನ್ಯ ಪ್ಲಗ್ ಹಾಕಿದ್ದರೂ ಅದೇ ಅನುಭವವಾಗುತ್ತಿತ್ತು. ಆದ್ದರಿಂದ ಹೋಲಿಸಬೇಕಾದದ್ದು ಹಳೆಯ ಪ್ಲಗ್‌ನೊಂದಿಗಲ್ಲ, ಹೊಸ ಸಾಮಾನ್ಯ ಪ್ಲಗ್‌ನೊಂದಿಗೆ.

ಪ್ರಬಲ ಕಿಡಿ ನಿಜಕ್ಕೂ ಉಪಯೋಗಕ್ಕೆ ಬರುವ ಸಂದರ್ಭಗಳಿವೆ. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ, ಟರ್ಬೊ ಎಂಜಿನ್ನಿನ ಅಧಿಕ ಒತ್ತಡದಲ್ಲಿ, ಪೆಟ್ರೋಲ್ ಅಂಶ ತೀರ ಕಡಿಮೆಯಿರುವ ತೆಳು ಮಿಶ್ರಣದಲ್ಲಿ ಕಿಡಿಯ ಬಲ ಲೆಕ್ಕಕ್ಕೆ ಬರುತ್ತದೆ. ತೆಳು ಮಿಶ್ರಣ ಎಂಜಿನ್ನಿನ ದಕ್ಷತೆಯನ್ನೂ ತುಸು ಹೆಚ್ಚಿಸುತ್ತದೆ. ಆದರೆ ಅದಕ್ಕೊಂದು ತೊಡಕಿದೆ. ಇಂದಿನ ಪೆಟ್ರೋಲ್ ಕಾರುಗಳ ಮೂರು ಕೆಲಸದ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ನಡೆಯುವುದು ಗಾಳಿ ಮತ್ತು ಪೆಟ್ರೋಲಿನ ತೂಕದ ಅನುಪಾತ 14.7ರ ಆಸುಪಾಸಿನಲ್ಲಿದ್ದಾಗ ಮಾತ್ರ. ಒಂದು ಪ್ಲಗ್ ಬದಲಿಸಿ 24ರ ಅನುಪಾತದಲ್ಲಿ ಓಡಿಸುತ್ತೇನೆ ಎನ್ನುವವರು ನೈಟ್ರೋಜನ್ ಆಕ್ಸೈಡುಗಳನ್ನು ಹೇಗೆ ನಿವಾರಿಸುತ್ತಾರೆಂದೂ ಹೇಳಬೇಕಾಗುತ್ತದೆ.

ಮೂಲಿಕೆ, ಗುಳಿಗೆ, ಅಯಸ್ಕಾಂತ

ಭಾರತದಲ್ಲಿ ಈ ಬಗೆಯ ಅತಿ ದೊಡ್ಡ ಪ್ರಕರಣ ತಮಿಳುನಾಡಿನ ರಾಮರ್ ಪಿಳ್ಳೈ ಎಂಬಾತನ ‘ಮೂಲಿಕೆ ಪೆಟ್ರೋಲ್’. ರಾಜಪಾಳಯಂ ಸಮೀಪದ ಇಡಯಂಕುಳಂ ಗ್ರಾಮದ ಈತ 1996ರಲ್ಲಿ, ಒಂದು ಗಿಡದ ಸೊಪ್ಪನ್ನು ನೀರಿನಲ್ಲಿ ಕುದಿಸಿ ಪೆಟ್ರೋಲ್ ತೆಗೆಯುವುದಾಗಿ ದೇಶದ ಗಮನ ಸೆಳೆದ. ವಿಜ್ಞಾನಿಗಳ ಎದುರಿನ ಪ್ರದರ್ಶನಗಳಲ್ಲಿ ಪಾತ್ರೆಯ ಮೇಲೆ ಉರಿಯುವ ದ್ರವ ತೇಲಿದ್ದೂ ನಿಜ. ಮದ್ರಾಸ್ ಐಐಟಿಯ ಪರೀಕ್ಷೆಯಲ್ಲಿ, ಪಾತ್ರೆ ಕಲಕುವ ಕೋಲು ಟೊಳ್ಳು, ಅದರೊಳಗೆ ಇಂಧನ ತುಂಬಿ ಮೇಣದಿಂದ ಮುಚ್ಚಲಾಗಿತ್ತು ಎಂಬುದು ಬಯಲಾಯಿತು. ಬಿಸಿಗೆ ಮೇಣ ಕರಗಿದರೆ ಪೆಟ್ರೋಲ್ ತಾನಾಗಿ ಮೇಲೆ ಬರುತ್ತದೆ.

ಕೋಲನ್ನು ಮುರಿದು ನೋಡದೆಯೂ ಸಂಶಯಪಡಲು ಕಾರಣವಿತ್ತು. ಅರ್ಧ ಲೀಟರ್ ಪೆಟ್ರೋಲಿನ ತೂಕ ಸುಮಾರು 370 ಗ್ರಾಂ, ಅದರಲ್ಲಿ 315 ಗ್ರಾಂನಷ್ಟು ಇಂಗಾಲ. ಒಣ ಎಲೆಯ ತೂಕದಲ್ಲಿ ಇಂಗಾಲ ಅರ್ಧಕ್ಕಿಂತ ಕಡಿಮೆ. ಎಲೆಯ ಇಂಗಾಲವೆಲ್ಲ ಒಂದಿಷ್ಟೂ ಪೋಲಾಗದೆ ಪೆಟ್ರೋಲಾಗುತ್ತದೆ ಎಂದರೂ ಮುಕ್ಕಾಲು ಕಿಲೋದಷ್ಟು ಒಣ ಎಲೆ, ಅಂದರೆ ಕೆಲವು ಕಿಲೋ ಹಸಿ ಸೊಪ್ಪು ಬೇಕು. ಒಂದು ಹಿಡಿ ಸೊಪ್ಪಿನಲ್ಲಿ ಇಲ್ಲದ ಇಂಗಾಲ ನೀರಿನಿಂದ ಬರಲಾರದು.

ಅಷ್ಟಾದರೂ ರಾಮರ್ ಪಿಳ್ಳೈ ಮುಂದೆ ತನ್ನ ಇಂಧನವನ್ನು ಮಳಿಗೆಗಳ ಮೂಲಕ ಮಾರಿದ. ಟಾಲ್ಯೂಯಿನ್‌ನಂಥ ರಾಸಾಯನಿಕ ದ್ರಾವಕಗಳನ್ನೂ ನಾಫ್ತಾವನ್ನೂ ಬೆರೆಸಿ ಮೂಲಿಕೆ ಇಂಧನವೆಂದು ಮಾರಲಾಗುತ್ತಿದೆ ಎಂದು ಸಿಬಿಐ 2000ದಲ್ಲಿ ಪ್ರಕರಣ ದಾಖಲಿಸಿತು. 2016ರಲ್ಲಿ ಚೆನ್ನೈ ನ್ಯಾಯಾಲಯ ಅವನಿಗೂ ಸಹಚರರಿಗೂ ಮೂರು ವರ್ಷಗಳ ಕಠಿಣ ಸಜೆ ವಿಧಿಸಿತು. ಓದು ಕಡಿಮೆಯಿದ್ದ ಹಳ್ಳಿಯ ಯುವಕನನ್ನು ದೊಡ್ಡವರು ತುಳಿದರು ಎಂಬ ಅನುಕಂಪ ಮಾತ್ರ ಬಹುಕಾಲ ಉಳಿಯಿತು.

ಗುಳಿಗೆಯ ಕಥೆಗೆ ಆಸ್ಟ್ರೇಲಿಯಾದ ಫೈರ್‌ಪವರ್ ಕಂಪನಿ ಸಾಕ್ಷಿ. ಟ್ಯಾಂಕಿಗೆ ಗುಳಿಗೆ ಹಾಕಿದರೆ ಇಂಧನ ಉಳಿಯುತ್ತದೆ, ಹೊಗೆ ತಗ್ಗುತ್ತದೆ ಎಂದು ಪ್ರಚಾರ ಮಾಡಿ, ಕ್ರೀಡಾ ತಂಡಗಳಿಗೆ ಪ್ರಾಯೋಜಕತ್ವ ಕೊಟ್ಟು, ರಾಜಕಾರಣಿಗಳ ಜತೆ ಚಿತ್ರ ತೆಗೆಸಿಕೊಂಡು ಬೆಳೆದ ಈ ಕಂಪನಿ 2008ರಲ್ಲಿ ಕುಸಿಯಿತು. ಸಾವಿರಕ್ಕೂ ಹೆಚ್ಚು ಹೂಡಿಕೆದಾರರ ಸುಮಾರು 10 ಕೋಟಿ ಆಸ್ಟ್ರೇಲಿಯನ್ ಡಾಲರ್ ಮುಳುಗಿತು.

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ ಅಗ್ಗವೂ ಜನಪ್ರಿಯವೂ ಆದ ಸಾಧನ. ಅಣುಗಳು ಸಾಲಾಗಿ ನಿಂತು ಚೆನ್ನಾಗಿ ಉರಿಯುತ್ತವೆ ಎಂಬುದು ಅದರ ವಿವರಣೆ. ಪೆಟ್ರೋಲಿನ ಹೈಡ್ರೋಕಾರ್ಬನ್‌ಗಳ ಮೇಲೆ ಅಯಸ್ಕಾಂತದ ಪರಿಣಾಮ ಅತ್ಯಂತ ಕ್ಷೀಣ. ಕ್ಷೇತ್ರ ದಾಟಿದ ಕ್ಷಣದಲ್ಲಿ ಅದೂ ಅಳಿಸಿಹೋಗುತ್ತದೆ.

ಅಳತೆ ಎಲ್ಲಿ ತಪ್ಪುತ್ತದೆ

ಇಂಥ ಸಾಧನ ಕೊಂಡವರಲ್ಲಿ ಅನೇಕರು ಮನಸಾರೆ ಹೊಗಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಅಳತೆ ಸಡಿಲ. ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದಾಗ ನಾಝಲ್ ನಿಲ್ಲುವ ಮಟ್ಟ ಪ್ರತಿ ಸಲ ಒಂದೇ ಇರುವುದಿಲ್ಲ. ಐದು ಲೀಟರ್ ತುಂಬಿಸುವ ಬೈಕಿನಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೆ ಅಲ್ಲಿಗೇ ಶೇ 10ರ ವ್ಯತ್ಯಾಸ. ಟೈರಿನ ಗಾಳಿ, ಟ್ರಾಫಿಕ್, ಹಿಂಬದಿ ಸವಾರ, ಎದುರುಗಾಳಿ, ಎಸಿ ಎಲ್ಲವೂ ಇದರ ಮೇಲೆ ಸೇರಿಕೊಳ್ಳುತ್ತವೆ. ಹಣ ಕೊಟ್ಟು ಸಾಧನ ಹಾಕಿಸಿದವರು ಅದರ ಫಲ ನೋಡುವ ಆಸೆಯಿಂದ ಆಕ್ಸಿಲರೇಟರನ್ನು ಹದವಾಗಿ ತುಳಿಯುತ್ತಾರೆ. ಮೈಲೇಜ್ ತೀರ ಕೆಟ್ಟಿದ್ದಾಗಲೇ ಸಾಧನ ಕೊಳ್ಳುವುದರಿಂದ, ಏನೂ ಮಾಡದಿದ್ದರೂ ಮುಂದಿನ ತಿಂಗಳು ಅದು ಸರಾಸರಿಯ ಕಡೆಗೆ ಮರಳುವ ಸಂಭವವೇ ಹೆಚ್ಚು.

ಪ್ರಯೋಗಾಲಯ ಈ ಎಲ್ಲ ಗೋಜಲನ್ನು ಕಳೆಯುತ್ತದೆ. ವಾಹನವನ್ನು ಡೈನಮೋಮೀಟರಿನ ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿತ ತಾಪಮಾನದಲ್ಲಿ, ಸೆಕೆಂಡು ಸೆಕೆಂಡಿಗೆ ನಿಗದಿಯಾದ ವೇಗದ ಚಕ್ರದಂತೆ ಓಡಿಸಲಾಗುತ್ತದೆ. ಹೊಗೆಯನ್ನು ಸಂಗ್ರಹಿಸಿ ಅದರಲ್ಲಿರುವ ಇಂಗಾಲವನ್ನು ಅಳೆದರೆ ಎಷ್ಟು ಇಂಧನ ಉರಿಯಿತೆಂದು ತಿಳಿಯುತ್ತದೆ. ಸಾಧನ ಇದ್ದಾಗ, ತೆಗೆದಾಗ, ಮತ್ತೆ ಹಾಕಿದಾಗ ಹೀಗೆ ಹಲವು ಸಲ ಓಡಿಸುವುದು ಕ್ರಮ. 1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕದ ಕಾಂಗ್ರೆಸ್ ಇಂಧನ ಉಳಿಸುವ ಸಾಧನಗಳನ್ನು ಪರೀಕ್ಷಿಸುವ ಹೊಣೆಯನ್ನು ಪರಿಸರ ಸಂರಕ್ಷಣಾ ಸಂಸ್ಥೆಗೆ ವಹಿಸಿತು. ಆ ಸಂಸ್ಥೆ ಪರಿಶೀಲಿಸಿದ ನೂರಕ್ಕೂ ಹೆಚ್ಚು ಸಾಧನಗಳಲ್ಲಿ ಗಣನೀಯ ಉಳಿತಾಯ ಕೊಟ್ಟದ್ದು ಒಂದೂ ಇಲ್ಲ. ಅಲ್ಪ ಸುಧಾರಣೆ ತೋರಿದ ಕೆಲವು ಹೊಗೆಯ ಮಾಲಿನ್ಯವನ್ನು ಹೆಚ್ಚಿಸಿದವು.

ಭಾರತದಲ್ಲಿ ಇಂಥ ಅಳತೆಯ ಸೌಲಭ್ಯ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್, ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಗಳಲ್ಲಿದೆ. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳು ಅನುಮೋದನೆಯ ಪರೀಕ್ಷೆ ದಾಟಿದ ಮೇಲಷ್ಟೇ ವಾಹನಕ್ಕೆ ಬರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಪರೀಕ್ಷೆ ಗೆದ್ದ ಸುಧಾರಣೆಗಳು

ಸಂಶಯ ಆವಿಷ್ಕಾರದ ವೈರಿಯಲ್ಲ ಎಂಬುದಕ್ಕೆ ಹೋಂಡಾದ ಸಿವಿಸಿಸಿ ಎಂಜಿನ್ ಒಳ್ಳೆಯ ನಿದರ್ಶನ. ಮುಖ್ಯ ಸಿಲಿಂಡರಿನ ಪಕ್ಕದ ಪುಟ್ಟ ಕೋಣೆಯಲ್ಲಿ ದಟ್ಟ ಮಿಶ್ರಣಕ್ಕೆ ಕಿಡಿ ಹೊತ್ತಿಸಿ, ಆ ಜ್ವಾಲೆಯಿಂದ ಸಿಲಿಂಡರಿನ ತೆಳು ಮಿಶ್ರಣವನ್ನು ಉರಿಸುವುದು ಅದರ ತಂತ್ರ. ಅಮೆರಿಕದ ಹೊಸ ಮಾಲಿನ್ಯ ಮಿತಿಯನ್ನು ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆ ಮುಟ್ಟಲಾಗದು ಎಂದು ದೊಡ್ಡ ಕಂಪನಿಗಳು ವಾದಿಸುತ್ತಿದ್ದಾಗ, 1972ರ ಡಿಸೆಂಬರ್‌ನಲ್ಲಿ ಹೋಂಡಾ ತನ್ನ ಕಾರುಗಳನ್ನು ಪರಿಸರ ಸಂರಕ್ಷಣಾ ಸಂಸ್ಥೆಯ ಆ್ಯನ್ ಆರ್ಬರ್ ಪ್ರಯೋಗಾಲಯಕ್ಕೆ ಒಪ್ಪಿಸಿತು. ಅವು ಗೆದ್ದವು. ಸಣ್ಣ ಕಾರಿಗಷ್ಟೇ ಇದು ಸಾಧ್ಯ ಎಂಬ ಟೀಕೆಗೆ ಉತ್ತರವಾಗಿ ಅಮೆರಿಕದ್ದೇ ಆದ ಷೆವರ್ಲೆ ಇಂಪಾಲಾ ಕಾರಿಗೂ ಅದೇ ತಂತ್ರ ಅಳವಡಿಸಿ ಪರೀಕ್ಷೆಗೆ ಕಳಿಸಿ ಗೆದ್ದಿತು. ಪವಾಡ ಸಾಧನಗಳನ್ನು ಪರೀಕ್ಷಿಸಿದ ಸಂಸ್ಥೆಯೇ ಈ ಹೊಸ ಕಿಡಿ ವಿಧಾನಕ್ಕೂ ಮುದ್ರೆ ಒತ್ತಿತು.

ಬಜಾಜ್ 2003ರಲ್ಲಿ ಪಲ್ಸರ್ ಬೈಕಿಗೆ ತಂದ ಜೋಡಿ ಪ್ಲಗ್ ವಿಧಾನದಲ್ಲಿ ಸಿಲಿಂಡರಿನ ಎರಡು ಕಡೆಯಿಂದ ಜ್ವಾಲೆ ಹೊರಡುವುದರಿಂದ ಅದು ಸಾಗಬೇಕಾದ ದೂರ ತಗ್ಗುತ್ತದೆ. ಮಜ್ದಾ 2019ರಲ್ಲಿ ಮಾರುಕಟ್ಟೆಗೆ ತಂದ ಸ್ಕೈಆ್ಯಕ್ಟಿವ್-ಎಕ್ಸ್ ಎಂಜಿನ್ ಕಿಡಿ ಮತ್ತು ಸಂಪೀಡನ ಎರಡನ್ನೂ ಸೇರಿಸಿ ತೆಳು ಮಿಶ್ರಣ ಉರಿಸುತ್ತದೆ. ಮರ್ಸಿಡಿಸ್ ತಂಡದ ಫಾರ್ಮುಲಾ ಒನ್ ಎಂಜಿನ್ 2017ರಲ್ಲಿ ಪರೀಕ್ಷಾ ಪೀಠದ ಮೇಲೆ ಶೇ 50ರ ದಕ್ಷತೆ ದಾಟಿತು. ಅಪಾರ ಹಣ, ನೂರಾರು ಎಂಜಿನಿಯರುಗಳು, ಹೊಗೆಯ ಶಾಖದಿಂದಲೂ ವಿದ್ಯುತ್ ತೆಗೆಯುವ ಯಂತ್ರ ಎಲ್ಲ ಸೇರಿದ ಮೇಲೆ ಮುಟ್ಟಿದ ಅಂಕಿ ಅದು.

ಬದಲಿ ಇಂಧನಗಳಲ್ಲೂ ನಿಜವಾದವು ತಮ್ಮ ಕೊರತೆಯನ್ನು ಮುಚ್ಚಿಡುವುದಿಲ್ಲ. ಎರಡನೆಯ ಮಹಾಯುದ್ಧದ ಪೆಟ್ರೋಲ್ ಅಭಾವದಲ್ಲಿ ನಮ್ಮ ರಸ್ತೆಗಳಲ್ಲಿ ಓಡಿದ ಇದ್ದಿಲು ಗ್ಯಾಸಿನ ಬಸ್ಸುಗಳು ನಿಜವಾಗಿಯೂ ಪೆಟ್ರೋಲಿಲ್ಲದೆ ಓಡಿದವು. ಹಿಂಬದಿಯ ಉರುಳೆಯಾಕಾರದ ಒಲೆಯಲ್ಲಿ ಇದ್ದಿಲನ್ನು ಅರೆಬರೆ ಉರಿಸಿ, ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಎಂಜಿನ್ನಿಗೆ ಹಾಯಿಸುತ್ತಿದ್ದರು. ಬಸ್ಸಿನ ಬಲ ಅರ್ಧದಷ್ಟಕ್ಕೆ ಇಳಿಯುತ್ತಿತ್ತು, ಹೊರಡುವ ಮೊದಲು ಬೆಂಕಿ ಎಬ್ಬಿಸಲು ಹೊತ್ತು ಹಿಡಿಯುತ್ತಿತ್ತು. ಹೊಂಗೆ ಎಣ್ಣೆಯ ಜೈವಿಕ ಡೀಸೆಲ್ ಕೂಡ ಹಾಗೆಯೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹಾಸನ ಬಳಿಯ ಮಡೆನೂರು ಜೈವಿಕ ಇಂಧನ ಉದ್ಯಾನದಲ್ಲಿ ಬೀಜದಿಂದ ಎಣ್ಣೆ, ಎಣ್ಣೆಯಿಂದ ಡೀಸೆಲ್ ಆಗುವ ಪ್ರತಿ ಹಂತವನ್ನೂ ಕಣ್ಣಾರೆ ನೋಡಬಹುದು. ಅಲ್ಲಿನ ಪ್ರಶ್ನೆ ಬೀಜ ಎಷ್ಟು ಸಿಗುತ್ತದೆ, ಖರ್ಚು ಎಷ್ಟು ಎಂಬುದೇ ಹೊರತು ಉರಿಯುತ್ತದೆಯೇ ಎಂಬುದಲ್ಲ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಎಥನಾಲಿನ ಶಕ್ತಿ ಲೀಟರಿಗೆ ಸುಮಾರು 21 ಮೆಗಾಜೂಲ್ ಮಾತ್ರ. ಹೀಗಾಗಿ ಮಿಶ್ರಣದ ಶಕ್ತಿ ಶೇ 7ರಷ್ಟು ಇಳಿಯುತ್ತದೆ. ಅದಕ್ಕೆಂದೇ ರೂಪಿಸದ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಕುಗ್ಗಬಹುದೆಂದು ಸರ್ಕಾರದ ನೀತಿ ಆಯೋಗದ ಯೋಜನಾ ವರದಿಯೇ ಅಂದಾಜಿಸಿತ್ತು. ಲೆಕ್ಕವೂ ಅಂದಾಜೂ ಇಲ್ಲಿ ಒಂದಕ್ಕೊಂದು ತಾಳೆಯಾಗುತ್ತವೆ. ಅಧಿಕೃತ ಇಂಧನವೊಂದು ಮೈಲೇಜಿನಲ್ಲಿ ಶೇ 6ರ ಕಡಿತವನ್ನೂ ಬರೆದು ತೋರಿಸಬೇಕಾದ ಮೇಲೆ, ಶೇ 50ರ ಗಳಿಕೆ ಸಾರುವವರಿಂದ ಅಂಥದೇ ವರದಿ ಕೇಳುವುದು ಅತಿಯಾಗುವುದಿಲ್ಲ. ಸಾಧನದ ಶಕ್ತಿಯ ಲೆಕ್ಕ, ಮಾರುವವನ ಹಂಗಿಲ್ಲದ ಪ್ರಯೋಗಾಲಯದ ಫಲಿತಾಂಶ, ಹೊಗೆಯ ಪರೀಕ್ಷೆಯ ಅಂಕಿ ಇವು ಮೂರನ್ನೂ ತೋರಿಸುವ ತನಕ ರುಜುವಾತಿನ ಹೊಣೆ ಸಾರಿದವನದೇ.